ಬಂದೂಕಿಗೆ ಕಡಿವಾಣ ಹಾಕಿದರೆ ಅಮೆರಿಕದ ಸಂವಿಧಾನಕ್ಕೆ ಭಂಗವೇ?

ಅಮೆರಿಕದ ಶಾಲೆಯಲ್ಲೋ ಅಂಗಡಿಯಲ್ಲೋ ಗುಂಡಿನ ದಾಳಿ ನಡೆದ ಸುದ್ದಿ ಟಿ.ವಿ.ಯಲ್ಲಿ ಬಂದಾಗಲೆಲ್ಲ ಊರಿನಿಂದ ನನಗೆ ಫೋನ್ ಬರುತ್ತದೆ. ಕ್ಷೇಮ ವಿಚಾರಿಸಿದ ಮೇಲೆ ಸೋದರಮಾವ ಕೇಳುವುದು ಒಂದೇ ಪ್ರಶ್ನೆ: "ಬಂದೂಕಿಗೆ ಕಡಿವಾಣ ಹಾಕಿದರೆ ಅಲ್ಲಿಯ ಸಂವಿಧಾನಕ್ಕೆ ವಿರುದ್ಧವಾಗುತ್ತದಂತೆ, ನಿಜವೇನಯ್ಯಾ?"

ಕಡಿವಾಣ ಹಾಕಿದ ಮಾತ್ರಕ್ಕೆ ಹಕ್ಕಿಗೆ ಭಂಗ ಬರುವುದಿಲ್ಲ ಎಂಬುದು ನನ್ನ ಉತ್ತರ. ಹಾಗೆಂದು ಅಲ್ಲಿಯ ಸುಪ್ರೀಂ ಕೋರ್ಟೇ, ಅದೂ ಬಂದೂಕಿನ ಪರ ವಾದಿಸಿದವರು ಗೆದ್ದ ಮೊಕದ್ದಮೆಯಲ್ಲಿಯೇ ಹೇಳಿದೆ. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೇ ತಿದ್ದುಪಡಿ ಒಂದೇ ಒಂದು ವಾಕ್ಯ. ಸ್ವತಂತ್ರ ರಾಜ್ಯದ ರಕ್ಷಣೆಗೆ ನಿಯಮಬದ್ಧವಾದ ನಾಗರಿಕ ಪಡೆ ಅಗತ್ಯವೆಂದು ಅದರ ಪೂರ್ವಾರ್ಧ ಹೇಳಿದರೆ, ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿಗೆ ಭಂಗ ತರಕೂಡದೆಂದು ಉತ್ತರಾರ್ಧ ಹೇಳುತ್ತದೆ. ಈ ಹಕ್ಕು ಪಡೆಗೆ ಸಂಬಂಧಿಸಿದ್ದಲ್ಲ, ವ್ಯಕ್ತಿಗೆ ಸೇರಿದ್ದು ಎಂದು 2008ರ ಹೆಲರ್ ಮೊಕದ್ದಮೆಯಲ್ಲಿ ಐದು–ನಾಲ್ಕರ ಬಹುಮತದಿಂದ ತೀರ್ಮಾನವಾಗಿ, ವಾಷಿಂಗ್ಟನ್ ನಗರದ ಪಿಸ್ತೂಲು ನಿಷೇಧ ಬಿದ್ದುಹೋಯಿತು. ಆದರೆ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅವರೇ ಈ ಹಕ್ಕು ಅಪರಿಮಿತವಲ್ಲವೆಂದೂ, ಘೋರ ಅಪರಾಧಿಗಳ ಕೈಗೆ ಬಂದೂಕು ಸಿಗದಂತೆ ತಡೆಯುವ, ಶಾಲೆಗಳ ಒಳಗೆ ಅದನ್ನು ಒಯ್ಯದಂತೆ ನಿರ್ಬಂಧಿಸುವ ಕಾನೂನುಗಳಿಗೆ ಇದರಿಂದ ಧಕ್ಕೆಯಿಲ್ಲವೆಂದೂ ಸ್ಪಷ್ಟಪಡಿಸಿದರು.

ಹಾಗಾದರೆ ಜಗಳವೆಲ್ಲಿ? ಯಾವ ಕಡಿವಾಣ ಸರಿ ಎಂದು ಅಳೆಯುವ ಅಳತೆಗೋಲಿನಲ್ಲಿ. 2022ರ ಬ್ರೂಯೆನ್ ಮೊಕದ್ದಮೆಯಲ್ಲಿ, ಬಂದೂಕು ಹೊತ್ತು ಮನೆಯಿಂದ ಹೊರಗೆ ಓಡಾಡಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ನಿಯಮವನ್ನು ರದ್ದುಪಡಿಸಿದ ಕೋರ್ಟು, ಇನ್ನು ಮುಂದೆ ಪ್ರತಿ ನಿಯಮವೂ ದೇಶದ ಐತಿಹಾಸಿಕ ಸಂಪ್ರದಾಯಕ್ಕೆ ಹೊಂದಬೇಕೆಂದು ಹೇಳಿತು. ನನಗೆ ಒಪ್ಪಿಗೆಯಾಗದಿರುವುದು ಇದೇ. ಹೆಂಡತಿಯನ್ನು ಹೊಡೆಯುವುದನ್ನು ಮನೆಯ ಒಳಗಿನ ವಿಚಾರವೆಂದು ಬಿಟ್ಟುಬಿಡುತ್ತಿದ್ದ ಕಾಲದಲ್ಲಿ, ಅಂಥವನಿಂದ ಬಂದೂಕು ಕಸಿಯುವ ಕಾನೂನನ್ನು ಹುಡುಕಿದರೆ ಸಿಕ್ಕೀತು ಹೇಗೆ? ಸಿಗಲಿಲ್ಲವೆಂಬ ಕಾರಣಕ್ಕೇ, ಸಂಗಾತಿಯನ್ನು ಹಿಂಸಿಸಿದ್ದಕ್ಕಾಗಿ ಕೋರ್ಟಿನ ತಡೆಯಾಜ್ಞೆಗೆ ಒಳಗಾದವರು ಬಂದೂಕು ಇಟ್ಟುಕೊಳ್ಳಬಾರದೆಂಬ ಕೇಂದ್ರ ಕಾನೂನನ್ನು ಕೆಳಗಿನ ಮೇಲ್ಮನವಿ ನ್ಯಾಯಾಲಯವೊಂದು 2023ರಲ್ಲಿ ಅಸಿಂಧುಗೊಳಿಸಿತು. ಮರುವರ್ಷ ರಹೀಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎಂಟು–ಒಂದರ ಬಹುಮತದಿಂದ ಆ ತೀರ್ಪನ್ನು ರದ್ದುಪಡಿಸಿ, ಹಳೆಯ ಕಾಲದ ತದ್ರೂಪು ಬೇಕಿಲ್ಲ, ತತ್ತ್ವ ಹೊಂದಿದರೆ ಸಾಕು ಎಂದಿತು. ಆ ಒಂದು ಭಿನ್ನಮತ ಬ್ರೂಯೆನ್ ತೀರ್ಪನ್ನು ಬರೆದ ನ್ಯಾಯಮೂರ್ತಿ ಥಾಮಸ್ ಅವರದೇ ಎಂಬುದನ್ನು ಗಮನಿಸಿದರೆ, ಆ ಅಳತೆಗೋಲು ಎಷ್ಟು ಅಲುಗಾಡುತ್ತಿದೆಯೆಂದು ತಿಳಿಯುತ್ತದೆ.

ಕೊಡಗಿನ ಗೆಳೆಯರು ಈ ಮಾತಿನ ನಡುವೆ "ನಮ್ಮಲ್ಲೂ ಕೋವಿಯ ಹಕ್ಕಿದೆಯಲ್ಲ" ಎನ್ನುವುದುಂಟು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಪೂಜೆಗೊಳ್ಳುವ ಆ ಕೋವಿಗೆ ಪರವಾನಗಿ ಬೇಡವೆಂಬುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೊಟ್ಟ ವಿನಾಯಿತಿ. ಅದಕ್ಕೊಂದು ಅವಧಿಯಿದೆ, ಈಗಿನದು 2029ರವರೆಗೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರಲ್ಲಿ ನಮ್ಮ ಸಂವಿಧಾನ ಸಭೆಯಲ್ಲಿ ಆಯುಧದ ಹಕ್ಕನ್ನು ಮೂಲಭೂತ ಹಕ್ಕಾಗಿಸಬೇಕೆಂದು ತಿದ್ದುಪಡಿ ಸೂಚಿಸಿದ್ದರು, ಸಭೆ ಒಪ್ಪಲಿಲ್ಲ. ಕಾನೂನಿನ ನಿಯಮಗಳಿಗೆ ಒಳಪಟ್ಟೇ ಆ ಹಕ್ಕು ಇರತಕ್ಕದ್ದೆಂದು ಕಾಮತರು ಅದೇ ಸೂಚನೆಯಲ್ಲಿ ಸೇರಿಸಿದ್ದರು. ಅಮೆರಿಕದವರ ವಾಕ್ಯದಲ್ಲೂ ನಿಯಮದ ಮಾತಿದೆ, ಆದರೆ ಅದು ಹಕ್ಕಿಗಲ್ಲ, ನಾಗರಿಕ ಪಡೆಗೆ ಅಂಟಿಕೊಂಡಿದೆ.

ಅಮೆರಿಕದ ಆ ಎರಡನೇ ತಿದ್ದುಪಡಿಯನ್ನೇ ತೆಗೆದುಹಾಕಬಾರದೇ ಎಂದರೆ, ಅದಕ್ಕೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಇಂದಿನ ರಾಜಕೀಯದಲ್ಲಿ ಅದು ಆಗದ ಮಾತು. ಆದ್ದರಿಂದ ಎಲ್ಲರೂ ಸುಪ್ರೀಂ ಕೋರ್ಟಿನ ಕಡೆಗೇ ನೋಡುತ್ತಾರೆ. ಎ.ಆರ್.-15ರಂಥ ಅರೆಸ್ವಯಂಚಾಲಿತ ರೈಫಲುಗಳ ಮೇಲಿನ ಮೇರಿಲ್ಯಾಂಡ್ ರಾಜ್ಯದ ನಿಷೇಧವನ್ನು ಪ್ರಶ್ನಿಸಿದ ಮೊಕದ್ದಮೆಯನ್ನು 2025ರ ಜೂನ್‌ನಲ್ಲಿ ಅದು ಕೈಗೆತ್ತಿಕೊಳ್ಳದೆ ಬಿಟ್ಟಿದ್ದರಿಂದ ಆ ನಿಷೇಧ ಸದ್ಯಕ್ಕೆ ಉಳಿದಿದೆ.