ಸಿನಿಮಾದ ಮಳೆಯಲ್ಲಿ ಉಂಬಳ ಇರೋದಿಲ್ಲ

ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ಕೊಡೆ, ರೈನ್‌ಕೋಟು, ಟಾರ್ಪಾಲು, ಗಂಬೂಟು ಮಾರುತ್ತೇವೆ. ಮಳೆಯೇ ನಮ್ಮ ಅನ್ನ. ಹಾಗಾಗಿ ಸಿನಿಮಾದಲ್ಲಿ ಮಳೆ ಶುರುವಾದರೆ ಎಲ್ಲರೂ ಹೀರೋಯಿನ್ ನೋಡಿದರೆ ನಾನು ಕೊಡೆ ನೋಡುತ್ತೇನೆ. ಬಹುಪಾಲು ಅದು ಮೂರು ಮಡಿಕೆಯ ಪುಟ್ಟ ಕೊಡೆ. ಇಲ್ಲಾಂದ್ರೆ ಆಚೆಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಕೊಡೆ. ಆಗುಂಬೆಯ ಗಾಳಿಗೆ ಅದನ್ನು ಹಿಡಿದರೆ ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಬರೀ ಕಡ್ಡಿ ಕೈಯಲ್ಲಿ ಉಳಿಯುತ್ತದೆ. ನಮ್ಮ ತೀರ್ಥಹಳ್ಳಿ ಕಡೆಯ ಹಳಬರು ಕೊಳ್ಳುವುದು ಉದ್ದನೆಯ ಕಪ್ಪು ಕೊಡೆ, ಬಗ್ಗಿದ ಹಿಡಿಯದ್ದು. ಮಳೆ ನಿಂತು ಹೊಳವಾದರೆ ಅದನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ಕೈ ಬೀಸಿ ನಡೆಯುತ್ತಾರೆ. ಹಾಗೆ ನಡೆಯುವ ಹೀರೋ ಒಬ್ಬನನ್ನೂ ನಾನು ಇನ್ನೂ ನೋಡಿಲ್ಲ.

ಸಿನಿಮಾದ ಮಳೆ ಹೇಗೆ ಬರುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಟ್ಯಾಂಕರಿನ ನೀರು, ಪೈಪು, ಮೇಲಿಂದ ಸ್ಪ್ರಿಂಕ್ಲರ್. ಅದರಲ್ಲಿ ತಪ್ಪೇನಿಲ್ಲ. ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣುವುದೇ ಇಲ್ಲ. ಹನಿಯ ಹಿಂದಿನಿಂದ ಲೈಟು ಬಿದ್ದರೆ ಮಾತ್ರ ಅದು ಪರದೆ ಮೇಲೆ ಮಿನುಗುತ್ತದೆ. ಇಲ್ಲದಿದ್ದರೆ ಬರೀ ಬೂದು. ಮೇಲಾಗಿ ನಿಜವಾದ ಮಳೆಗೆ ಹೇಳಿದ ಮಾತು ಕೇಳುವ ಅಭ್ಯಾಸ ಇಲ್ಲ. ಒಂದು ಶಾಟ್‌ನಲ್ಲಿ ಜಡಿಯುತ್ತದೆ, ಇನ್ನೊಂದರಲ್ಲಿ ಸುಮ್ನೆ ನಿಂತುಬಿಡುತ್ತದೆ.

ನನ್ನ ತಕರಾರು ಬೇರೆ. ಎಷ್ಟೋ ಸಿನಿಮಾದವರು ನಮ್ಮ ಕಡೆ ಬರುವುದು ಮಳೆಗಾಲ ಮುಗಿದ ಮೇಲೆ. ಅಕ್ಟೋಬರ್, ನವೆಂಬರ್‌ನಲ್ಲಿ ಗುಡ್ಡವೆಲ್ಲ ಹಸಿರು, ಮೇಲೆ ಎಳೆ ಬಿಸಿಲು. ಆ ಬಿಸಿಲಲ್ಲಿ ಟ್ಯಾಂಕರ್ ನಿಲ್ಲಿಸಿ ಮಳೆ ಸುರಿಸುತ್ತಾರೆ. ಸ್ವಲ್ಪ ಗಮನ ಇಟ್ಟು ನೋಡಿ. ಹೀರೋ ತಲೆ ಮೇಲೆ ಮಳೆ, ಹಿಂದಿನ ಗುಡ್ಡದಲ್ಲಿ ಬಿಸಿಲು. ನಮ್ಮ ಆರಿದ್ರಾ ಮಳೆಯಲ್ಲಿ ಹಿಂದಿನ ಗುಡ್ಡ ಇರುವುದೇ ಇಲ್ಲ. ಎದುರು ಮನೆಯೂ ಇರುವುದಿಲ್ಲ.

'ಮುಂಗಾರು ಮಳೆ' ಬಗ್ಗೆ ಹೇಳದಿದ್ದರೆ ನನ್ನನ್ನು ಊರಲ್ಲಿ ಬಿಡುವುದಿಲ್ಲ. ಆ ಹೆಸರಿನ ಸಿನಿಮಾ ಬಿಡುಗಡೆಯಾಗಿದ್ದು 2006ರ ಡಿಸೆಂಬರ್ ಕೊನೆಯಲ್ಲಿ! ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ನಮ್ಮ ಅಂಗಡಿಯಲ್ಲಿ ಕೊಡೆಗಳನ್ನೆಲ್ಲ ಅಟ್ಟಕ್ಕೆ ಏರಿಸಿ ಸ್ವೆಟರ್ ಇಳಿಸಿದ್ದ ಹೊತ್ತು. ಹಾಡುಗಳ ಬಗ್ಗೆ ನನಗೆ ದೂರಿಲ್ಲ. ಮನೋ ಮೂರ್ತಿ ರಾಗ, ಜಯಂತ ಕಾಯ್ಕಿಣಿ ಸಾಲು, ಇವತ್ತಿಗೂ ಬಸ್ಸಿನಲ್ಲಿ ಬಂದರೆ ಬಾಯಿ ಮುಚ್ಚಿ ಕೇಳುತ್ತೇನೆ. ಎಸ್. ಕೃಷ್ಣ ಕ್ಯಾಮೆರಾ ಜೋಗವನ್ನು ತೋರಿಸಿದ ರೀತಿಗೆ ಜಿಲ್ಲೆಯವರೆಲ್ಲ ಸಾಲಗಾರರು. ಆದರೆ ಗಣೇಶ್ ಅಷ್ಟೊಂದು ನೆಂದರೂ ಒಂದು ಸಲವೂ ಸೀನಲಿಲ್ಲವಲ್ಲ ಮಾರಾಯ್ರೇ! ಮೊಲಕ್ಕೆ ದೇವದಾಸ ಅಂತ ಹೆಸರಿಡಲು ಪುರುಸೊತ್ತಿದೆ, ಒದ್ದೆ ಬಟ್ಟೆ ಹಿಂಡಲು ಇಲ್ಲ. ನನ್ನ ಹೆಂಡತಿಗೆ ಈ ಮಾತು ಕೇಳಿದರೆ ಸಿಟ್ಟು. 'ನಿಮಗೆ ಪ್ರೀತಿಗಿಂತ ನೆಗಡಿ ಮುಖ್ಯ' ಅನ್ನುತ್ತಾಳೆ. ಹೌದು, ಮುಖ್ಯ.

ಮಲೆನಾಡಿನ ಮಳೆ ಅಂದರೆ ಬರೀ ನೀರಲ್ಲ. ವಾರಗಟ್ಟಲೆ ಒಣಗದ ಬಟ್ಟೆ, ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಿ ಹಾಕಿ ಅಂಗಿಗೆ ಹತ್ತಿದ ಹೊಗೆ ವಾಸನೆ. ಬೂಷ್ಟು ಹಿಡಿದ ಬೆಲ್ಟು. ಹೋದ ಕರೆಂಟು. ಮತ್ತೆ ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ. ಹಸಿರು ಕಾಡಿನಲ್ಲಿ ಬರಿಗಾಲಲ್ಲಿ ಓಡುವ ಹೀರೋಯಿನ್‌ಗೆ ಒಂದಾದರೂ ಉಂಬಳ ಹತ್ತಬೇಡವೇ? ಕಾಲ್ಬೆರಳ ಸಂದಿಯಿಂದ ಅದನ್ನು ಕಿತ್ತು, ಸುಣ್ಣವೋ ಉಪ್ಪೋ ಹಚ್ಚುವ ಲವ್ ಸೀನ್ ಯಾರಾದರೂ ಬರೆದರೆ ಮೊದಲ ದಿನದ ಮೊದಲ ಶೋಗೆ ನಾನಿದ್ದೇನೆ.

ಅಡಿಕೆ ತೋಟದಲ್ಲಿ ಮಳೆ ಹಾಡು ಬಂದಾಗಲಂತೂ ಥಿಯೇಟರಿನಲ್ಲಿ ಮುಖಗಳನ್ನು ನೋಡಬೇಕು. ಹುಡುಗರು ಶಿಳ್ಳೆ ಹೊಡೆಯುತ್ತಾರೆ. ತೋಟ ಇರುವವರು ಮಾತ್ರ ಕೊಳೆರೋಗದ ಲೆಕ್ಕ ಹಾಕುತ್ತಿರುತ್ತಾರೆ. ಎರಡನೇ ಸಲದ ಔಷಧಿ ಹೊಡೆಯಲು ಒಂದು ದಿನವೂ ಹೊಳವಾಗದಿದ್ದರೆ ಕಾಯಿಯೆಲ್ಲ ಉದುರಿ ಬುಡ ಸೇರುತ್ತದೆ. ಆ ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ ತಂದಿಟ್ಟು ಆಕಾಶ ನೋಡುತ್ತಾ ಕೂತವನ ಮುಖವೇ ಒಂದು ಕ್ಲೋಸಪ್. ಅದಕ್ಕೆ ಲೈಟಿಂಗ್ ಕೂಡ ಬೇಕಿಲ್ಲ.

ಹಾಗಾದರೆ ಮಳೆಯನ್ನು ಸರಿಯಾಗಿ ತೆಗೆದವರು ಯಾರೂ ಇಲ್ಲವೇ? ಇದ್ದಾರೆ. ಜಪಾನಿನ ನಿರ್ದೇಶಕ ಕುರೊಸಾವಾ 1950ರಲ್ಲಿ 'ರಾಶೋಮಾನ್' ಮಾಡುವಾಗ ಮಳೆ ಕ್ಯಾಮೆರಾಗೆ ಕಾಣಲಿ ಅಂತ ನೀರಿಗೆ ಕಪ್ಪು ಮಸಿ ಬೆರೆಸಿದ್ದರು. ಆ ಹಾಳು ಬಿದ್ದ ಹೆಬ್ಬಾಗಿಲ ಕೆಳಗೆ ಮೂವರು ಕೂತಿರುತ್ತಾರೆ, ಹೊರಗೆ ಸುರಿಯುತ್ತಲೇ ಇರುತ್ತದೆ. ಮಾತಾಡದೆ ಬೇರೆ ದಾರಿ ಇಲ್ಲ. ಮಳೆಗಾಲದ ಸಂಜೆ ಜಗಲಿಯಲ್ಲಿ ಊರವರ ಸುದ್ದಿ ಹೊರಡುವುದು ಹೀಗೇ ಅಲ್ವಾ? ಒಂದೇ ಘಟನೆಗೆ ನಾಲ್ಕು ಕಥೆ ನಮ್ಮಲ್ಲೂ ಹುಟ್ಟುತ್ತದೆ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯಲ್ಲಿ ದುರ್ಗಾ ಮೊದಲ ಮಳೆಗೆ ಕುಣಿದು ನೆನೆಯುತ್ತಾಳೆ. ಆಮೇಲೆ ಜ್ವರ ಬರುತ್ತದೆ. ನಾನು ಕೇಳುವುದು ಇಷ್ಟೇ, ನೆಂದದ್ದಕ್ಕೆ ಒಂದು ಲೆಕ್ಕ ಇರಬೇಕು.

ಇಂಥ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಬೇಕು ಅಂತ ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿದ್ದರು. ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಅನ್ನುವ ಪೇಟೆಯವರ ಮಾತಿಗೆ ಅವರು ಕಿವಿಗೊಡಲಿಲ್ಲ. ಅಷ್ಟು ಹತ್ತಿರದಲ್ಲಿದ್ದೂ ನಾನು ಇವನ್ನೆಲ್ಲ ನೋಡಿದ್ದು ಗಲ್ಲಾದ ಹಿಂದೆ ಕೂತು, ಮೊಬೈಲಿನಲ್ಲಿ. ಹೊರಗೆ ಪುನರ್ವಸು ಮಳೆ, ಗಿರಾಕಿ ಬಂದಾಗಲೆಲ್ಲ ಪಾಸ್ ಬಟನ್ ಒತ್ತಿ ನಿಲ್ಲಿಸುತ್ತಾ.

ಕನ್ನಡದಲ್ಲಿ ನನಗೆ ಒಂದೇ ಹೆಸರು ಸಾಕು. ಗಿರೀಶ್ ಕಾಸರವಳ್ಳಿ ಅವರ 'ದ್ವೀಪ'. ಅವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, ಕಾದಂಬರಿ ಸಾಗರದ ನಾ. ಡಿಸೋಜ ಅವರದ್ದು. ಇಬ್ಬರಿಗೂ ಈ ಮಳೆ ಚೆನ್ನಾಗಿ ಗೊತ್ತು. ಅಣೆಕಟ್ಟಿನ ಹಿನ್ನೀರು ಏರುತ್ತದೆ, ಊರವರೆಲ್ಲ ಪರಿಹಾರ ತೆಗೆದುಕೊಂಡು ಹೊರಡುತ್ತಾರೆ, ಒಂದು ಮನೆ ಮಾತ್ರ ಗುಡ್ಡದ ಮೇಲೆ ಉಳಿಯುತ್ತದೆ. ಆ ಮನೆಯ ನಾಗಿಯಾಗಿ ಸೌಂದರ್ಯ, ನಿರ್ಮಾಪಕಿಯೂ ಅವರೇ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾಗೆ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಗೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲವೂ ಬಂತು. ಇದರಲ್ಲಿ ಮಳೆಗೆ ಹಾಡು ಬೇಕಿಲ್ಲ. ಮಳೆ ಬಂದರೆ ನೀರು ಏರುತ್ತದೆ, ನೀರು ಏರಿದರೆ ಮನೆ ಹೋಗುತ್ತದೆ, ಅಷ್ಟೇ. ಒದ್ದಾಡಿ ಮನೆ ಉಳಿಸಿದ್ದು ನಾಗಿ, ಹೆಸರು ಹೋಗುವುದು ದೇವರಿಗೆ. ಆ ಜಾಗದಲ್ಲಿ ನನ್ನ ಹೆಂಡತಿ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಅವಳ ಅಜ್ಜಿಯ ಮನೆಯವರು ಲಿಂಗನಮಕ್ಕಿ ಮುಳುಗಡೆಯವರು. 1964ರಲ್ಲಿ ಜೋಗಕ್ಕಿಂತ ಮೇಲೆ ಶರಾವತಿಗೆ ಅಣೆಕಟ್ಟು ಎದ್ದಾಗ ಗಂಟು ಕಟ್ಟಿಕೊಂಡು ಬಂದವರು. ಅಜ್ಜಿ ಹೇಳುತ್ತಿದ್ದರಂತೆ, ನೀರು ಸದ್ದು ಮಾಡಿಕೊಂಡು ಬರುವುದಿಲ್ಲ, ಬೆಳಿಗ್ಗೆ ಎದ್ದರೆ ಬಾವಿಕಟ್ಟೆ ಇರುವುದಿಲ್ಲ ಅಂತ. ಅವರ ಮನೆಯಲ್ಲಿ ಯಾರೂ ಜೋಗಕ್ಕೆ ಪಿಕ್ನಿಕ್ ಹೋಗುವುದಿಲ್ಲ. ಮಳೆ ಹಾಡು ನೋಡಿ ನಾನು ಗೊಣಗುವುದನ್ನು ಬರೀ ನೆಗಡಿಯ ವಿಷಯ ಅಂದುಕೊಂಡವರಿಗೆ ಇದನ್ನು ಹೇಳಬೇಕಿತ್ತು.

ಇನ್ನೊಂದು ವಿಚಿತ್ರ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದ್ದು ಆಗುಂಬೆಯಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು. ಆದರೆ ಅದರಲ್ಲಿನ ಹುಡುಗ ಸ್ವಾಮಿಯನ್ನು ನೆನೆಸಿಕೊಂಡರೆ ನನಗೆ ಬಿಸಿಲೇ ಕಣ್ಣಿಗೆ ಬರುತ್ತದೆ. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ಸಂಗೀತವೂ ಬಿಸಿಲಿನದ್ದೇ. ಪ್ರವಾಸಿಗರು ಜುಲೈನಲ್ಲಿ ಮಾಲ್ಗುಡಿ ಹುಡುಕಿಕೊಂಡು ಬರುತ್ತಾರೆ, ನಮ್ಮ ಅಂಗಡಿಯಲ್ಲಿ ರೈನ್‌ಕೋಟು ಕೊಂಡು ಹೋಗುತ್ತಾರೆ. ಶಂಕರ್ ನಾಗ್‌ಗೆ ನನ್ನ ವ್ಯಾಪಾರದ ಪರವಾಗಿಯೂ ಒಂದು ನಮಸ್ಕಾರ.

ಸದ್ದಿನ ವಿಷಯಕ್ಕೆ ಬಂದರೆ ಸಿನಿಮಾದವರು ಇನ್ನೂ ಹಿಂದೆ. ಎಲ್ಲ ಮಳೆಗೂ ಒಂದೇ 'ಜೋ' ಅನ್ನುವ ಸದ್ದು. ಹಂಚಿನ ಮೇಲಿನ ಮಳೆ ಬೇರೆ, ತಗಡಿನ ಮೇಲಿನದ್ದು ಬೇರೆ, ಬಾಳೆ ಎಲೆ ಮೇಲಿನದ್ದು ಬೇರೆ. ಟಾರ್ಪಾಲಿನ ಮೇಲೆ ಬೀಳುವ ಹನಿ ಕೇಳಿಯೇ ಅದು ಎಷ್ಟು ದಪ್ಪದ್ದು ಅಂತ ನಾನು ಹೇಳಬಲ್ಲೆ. ಚಿಕ್ಕವನಿದ್ದಾಗ ನಾವು ಹೋಗುತ್ತಿದ್ದ ಟಾಕೀಸಿಗೆ ತಗಡಿನ ಮಾಡು. ಮಳೆ ಜೋರಾದರೆ ಡೈಲಾಗ್ ಒಂದೂ ಕೇಳುತ್ತಿರಲಿಲ್ಲ. ಕ್ಲೈಮ್ಯಾಕ್ಸಿನಲ್ಲಿ ಅಮ್ಮ ಯಾಕೆ ಅತ್ತಳು ಅಂತ ಮನೆಗೆ ಬರುವ ದಾರಿಯಲ್ಲಿ ನಾವೇ ಕಥೆ ಕಟ್ಟಿಕೊಳ್ಳಬೇಕಿತ್ತು.

ಮಳೆಗೆ ಹೊಂದುವ ದನಿ ಬೇಕು ಅಂದರೆ ನಾನು ಶಿವಮೊಗ್ಗ ಸುಬ್ಬಣ್ಣ ಅವರದ್ದು ಹಾಕುತ್ತೇನೆ. ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನವರು, ವಕೀಲರಾಗಿದ್ದರು. 'ಕಾಡು ಕುದುರೆ' ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಕನ್ನಡದಲ್ಲಿ ಅದನ್ನು ಪಡೆದ ಮೊದಲ ಹಿನ್ನೆಲೆ ಗಾಯಕ ಅನಿಸಿಕೊಂಡವರು. ಭದ್ರಾವತಿ ಆಕಾಶವಾಣಿಯಲ್ಲಿ ಭಾವಗೀತೆ ಬರುವಾಗ ಗುಡುಗಿಗೆ ರೇಡಿಯೋ ಕರಕರ ಅಂದರೂ ಅವರ ದನಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತಿತ್ತು.

ಈಗ ಬಂದಿರುವ ಡ್ರೋನ್ ಬಗ್ಗೆ ಏನು ಹೇಳಲಿ? ಮಲೆನಾಡು ಅಂದರೆ ಸಾಕು, ಮೇಲಿಂದ ತೋಟ, ಮೇಲಿಂದ ನದಿ, ಮೇಲಿಂದ ಹಂಚಿನ ಮನೆ. ಕೆಳಗಿಳಿದು ಅಡುಗೆಮನೆಗೆ ಬಂದರೆ ಕೆಸುವಿನ ಎಲೆಯ ಪತ್ರೊಡೆ ಬೇಯುತ್ತಿರುತ್ತದೆ, ಅದು ಯಾರಿಗೂ ಬೇಡ. ಮಾತಾಡಲು ಶುರು ಮಾಡಿದರೆ ಪಾತ್ರಗಳಿಗೆ ಒಂದೋ ಬೆಂಗಳೂರು ಭಾಷೆ, ಇಲ್ಲವೇ ಕುಂದಾಪುರದ್ದು. ನಾವು ಘಟ್ಟದ ಮೇಲಿದ್ದೇವೆ ಸ್ವಾಮಿ, ಕೆಳಗಲ್ಲ.

ಯಾರಾದರೂ ಹೊಸ ಹುಡುಗರು ಆಶ್ಲೇಷಾ ಮಳೆಯಲ್ಲೇ ಇಲ್ಲಿ ಶೂಟಿಂಗ್ ಮಾಡುವ ಧೈರ್ಯ ಮಾಡಿದರೆ ಕ್ಯಾಮೆರಾ ಮುಚ್ಚುವ ಟಾರ್ಪಾಲು ನಾನು ಬಾಡಿಗೆಗೆ ಕೊಡುತ್ತೇನೆ. ಅಡ್ವಾನ್ಸ್ ಮಾತ್ರ ಬೇಕು, ಸಿನಿಮಾದವರ ಉದ್ರಿ ನನಗೆ ಸಾಕಾಗಿದೆ.