ವಿಸಿ ಆಗ್ಲಿಕ್ಕೆ ಏನ್ ಓದ್ಬೇಕ್ರಿ ಸರ?

ಕಲಬುರಗಿಯ ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿ, ಅಂದರೆ ವಿಸಿ, ಬಂದರೆಂದು ಪೇಪರಿನಲ್ಲಿ ಫೋಟೊ ಬಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಸೇಡಂ, ಜೇವರ್ಗಿ ಕಡೆಯ ಹುಡುಗರು ಕೇಳುತ್ತಾರೆ, ಅಡ್ಮಿಶನ್‌ಗೆ ಬಂದ ಅವರ ಅಪ್ಪಂದಿರೂ ಕೇಳುತ್ತಾರೆ. ಐಎಎಸ್‌ಗೆ ಇರುವಂತೆ ಇದಕ್ಕೂ ಒಂದು ಪರೀಕ್ಷೆ ಇದೆ ಅಂತ ಅವರ ಲೆಕ್ಕ.

ಹಾಗೇನೂ ಇಲ್ಲ. ಮೊದಲು ಮಾಸ್ತರಾಗಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ವಿಶ್ವವಿದ್ಯಾಲಯದಲ್ಲಿ ಕನಿಷ್ಠ 10 ವರ್ಷ ಪ್ರೊಫೆಸರ್ ಆಗಿರಬೇಕು, ಇಲ್ಲವೇ ಹೆಸರಿರುವ ಸಂಶೋಧನಾ ಸಂಸ್ಥೆಯಲ್ಲೋ ಶೈಕ್ಷಣಿಕ ಆಡಳಿತದಲ್ಲೋ ಅಷ್ಟೇ ಅನುಭವ ಇರಬೇಕು.

ಈಗ ಲೆಕ್ಕ ಹಾಕಿ. ಪಿಎಚ್‌ಡಿ ಮುಗಿಸಿ ಅಸಿಸ್ಟೆಂಟ್ ಪ್ರೊಫೆಸರ್ ಆದವರಿಗೆ ಮೊದಲ ಬಡ್ತಿ 4 ವರ್ಷಕ್ಕೆ, ಆಮೇಲಿನದು 5ಕ್ಕೆ, ಅಸೋಸಿಯೇಟ್ ಆಗಲು 3, ಪ್ರೊಫೆಸರ್ ಆಗಲು ಮತ್ತೆ 3. ಅಲ್ಲಿಗೆ 15 ವರ್ಷ. ಅದರ ಮೇಲೆ 10. ಮೂವತ್ತಕ್ಕೆ ಕೆಲಸಕ್ಕೆ ಸೇರಿದರೂ 55 ಆಯ್ತು! ನೇರ ನೇಮಕಾತಿಯಲ್ಲಿ ಬೇಗ ಪ್ರೊಫೆಸರ್ ಆಗುವವರೂ ಇದ್ದಾರೆ, ಆದರೆ ಕಡಿಮೆ. ಒಂದೊಂದು ಬಡ್ತಿಗೂ ಒಂದೊಂದು ಫೈಲು: ರಿಫ್ರೆಷರ್ ಕೋರ್ಸಿನ ಸರ್ಟಿಫಿಕೇಟು, ಅಚ್ಚಾದ ಲೇಖನ, ಸೆಮಿನಾರಿನ ಪತ್ರ, ಎಲ್ಲದಕ್ಕೂ ಪ್ರಿನ್ಸಿಪಾಲರ ಸಹಿ. ಒಂದು ಹಾಳೆ ಇಲ್ಲ ಅಂದರೆ ಫೈಲು ವಾಪಸ್.

ನಮ್ಮ ಭಾಗದಲ್ಲಿ ಮೂವತ್ತಕ್ಕೆ ಕಾಯಂ ಕೆಲಸ ಸಿಗುವುದೇ ದೊಡ್ಡ ಮಾತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನೇಮಕಾತಿಯಲ್ಲಿ ಮೀಸಲು ಸಿಕ್ಕಿದೆ, ನಿಜ. ಆದರೂ ಅತಿಥಿ ಉಪನ್ಯಾಸಕರಾಗಿಯೇ ತಲೆ ನರೆತವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಯಾವ ಬಡ್ತಿ?

ಕುವೆಂಪು 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಉಪನ್ಯಾಸಕರಾಗಿ ಸೇರಿದರು, ಕುಲಪತಿಯಾದದ್ದು 1956ರಲ್ಲಿ. ಆಗ ಈ ಯುಜಿಸಿ ನಿಯಮ ಇರಲಿಲ್ಲ, ಆದರೂ 27 ವರ್ಷ ಹಿಡಿಯಿತು. ಇನ್ನೊಂದು ದಾರಿಯಲ್ಲಿ ಬಂದವರು ಡಿ.ಸಿ. ಪಾವಟೆ. ಗಣಿತದವರು, ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನಡೆಸಿದರು. ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯ ಕೂಡ 1980ರಲ್ಲಿ ಬೇರೆಯಾಗುವ ತನಕ ಆ ಧಾರವಾಡದ್ದೇ ಸ್ನಾತಕೋತ್ತರ ಕೇಂದ್ರ.

ಅರ್ಹತೆ ಬಂದ ಮೇಲೆ ಆಯ್ಕೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ. ಅದರಲ್ಲಿ ಒಬ್ಬರನ್ನು ರಾಜ್ಯಪಾಲರು ಸರ್ಕಾರದ ಒಪ್ಪಿಗೆ ಪಡೆದು ನೇಮಿಸುತ್ತಾರೆ. ಅವಧಿ 4 ವರ್ಷ. ಆ ಒಪ್ಪಿಗೆಯ ಹಿಂದೆ ಏನೇನು ನಡೆಯುತ್ತದೆ ಅಂತ ನನ್ನನ್ನು ಕೇಳಬೇಡಿ, ನಿಮಗೇ ಗೊತ್ತಿರುತ್ತದೆ ಅಲ್ವಾ? ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಲೆಕ್ಕ ಬೇರೆ. ಅಲ್ಲಿ ನೇಮಿಸುವವರು ರಾಷ್ಟ್ರಪತಿ, ಅವಧಿ 5 ವರ್ಷ.

ನನ್ನನ್ನು ಕೇಳಿದರೆ, ಯಾರಾದರೂ ವಿಸಿ ಆದಾಗ ಅವರ ಪುಸ್ತಕಗಳ ಪಟ್ಟಿಗಿಂತ ಮೊದಲು ಹಾಸ್ಟೆಲ್ ವಾರ್ಡನ್ ಆಗಿದ್ದರಾ, ಪರೀಕ್ಷೆ-ರಿಸಲ್ಟ್ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರಾಗಿದ್ದರಾ ಅಂತ ನೋಡುತ್ತೇನೆ. ರಿಸಲ್ಟ್ ತಡವಾದರೆ ಹುಡುಗರು ಬಂದು ಕೂರುವುದು ವಿಸಿ ಚೇಂಬರಿನ ಮುಂದೆಯೇ.

ಕೇಳಿದ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತಾ ಪರೀಕ್ಷೆ ಕೆ-ಸೆಟ್ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ, ಅದಕ್ಕೆ ಅರ್ಜಿ ಹಾಕು. ಪಾಸಾದ ಮೇಲೆ ಬಾ, ಪಿಎಚ್‌ಡಿಗೆ ಗೈಡ್ ಯಾರು ಅಂತ ಕೂತು ಮಾತಾಡೋಣ.