ಟೈರ್ ತಿನ್ನೋ ಗಾಡಿ
ಪಿಬಿ ರೋಡಲ್ಲಿ ಟೈರ್ ಅಂಗಡಿ ಮುಂದೆ ಗಾಡಿ ಜಾಕ್ ಮೇಲೆ ನಿಲ್ಸಿ ಕೂತಿದೀನಿ. ಹಿಂದಿನ ಎರಡೂ ಟೈರಿನ ಗೀರಿನ ಆಳ 2 ಮಿ.ಮೀ.ಗೆ ಬಂದಿದೆ, ಕಾನೂನು ಪ್ರಕಾರ 1.6ವರೆಗೂ ಓಡಿಸ್ಬೋದು, ಆದ್ರೆ ಮಳೇಲಿ ಹೈವೇಲಿ ಅದನ್ನ ನಂಬ್ಕೊಂಡು ಹೋಗೋ ಧೈರ್ಯ ನಂಗಿಲ್ಲಪ್ಪ. ಪವರೆಲ್ಲಾ ಹಿಂದಿನ ಚಕ್ರಕ್ಕೇ ಹೋಗೋ ಗಾಡಿ, ಮೇಲಾಗಿ ರಬ್ಬರ್ ಮೆತ್ತಗೆ, ಅದ್ರಿಂದ್ಲೇ ಗ್ರಿಪ್ಪು, ಅದ್ರಿಂದ್ಲೇ 18 ಸಾವಿರ ಕಿ.ಮೀ.ಗೆ ಖಲಾಸ್, ಹಿಂದೆ ಮುಂದೆ ಸೈಜೇ ಬೇರೆ ಆದ್ರಿಂದ ಅದಲು ಬದಲು ಮಾಡ್ಸೋಕೂ ಆಗಲ್ಲ. ಒಂದು ಟೈರಿನ ರೇಟಲ್ಲಿ ಅಪ್ಪನ ಹಳೇ ಆಲ್ಟೋಗೆ ನಾಲ್ಕೂ ಬರ್ತಿತ್ತು! ತಪ್ಪು ನಂದೇ ಬಿಡಿ, ಸುಮ್ನೆ ಒಂದು ಟೀಗೆ ಚಿತ್ರದುರ್ಗಕ್ಕೆ ಹೋಗ್ಬರೋ ಚಟ. ಗಾಡಿ ತಗೊಳ್ಳೋವಾಗ ಇಎಂಐ ಒಂದೇ ಲೆಕ್ಕ ಹಾಕಿದ್ದೆ. ಅಲೈನ್‌ಮೆಂಟ್ ಮುಗಿಯೋಕೆ ಇನ್ನೂ ಅರ್ಧ ಗಂಟೆಯಂತೆ, ಅಷ್ಟ್ರಲ್ಲಿ ಒಂದು ಬೆಣ್ಣೆದೋಸೆ.